335 ಮಾದರಿಯ ಸೆಮಿ-ಹಾಲೋ ಗಿಟಾರ್: ಯಾವುದು ಕೊಳ್ಳುವುದು, ಬ್ರಿಡ್ಜ್ ಯಾವುದು, ತಂತಿ ಎಷ್ಟು ದಪ್ಪ?

ಅರೆಟೊಳ್ಳು

ಪಟ್ಟಿಯಲ್ಲಿ ನಾಲ್ಕು ಗಿಟಾರ್ ಉಳಿದಿವೆ: ಎಪಿಫೋನ್ ಇಎಸ್-335, ಇಬಾನೆಜ್ ಎಎಸ್73, ಗ್ರೆಚ್ ಸ್ಟ್ರೀಮ್‌ಲೈನರ್ ಜಿ2622, ಎಪಿಫೋನ್ ಕಸೀನೊ. ನುಡಿಸುವುದು ಹೆಚ್ಚಾಗಿ ಬ್ಲೂಸ್, ಸ್ವಲ್ಪ ಜಾಜ್ ಕಾರ್ಡ್ ಕೆಲಸ, ಜೊತೆಗೆ ಮೋಹನ, ಕಲ್ಯಾಣಿ ರಾಗಗಳ ಅಭ್ಯಾಸ. ಊರು ಮಂಗಳೂರು. ಈಗ ಕೊಳ್ಳುವಾಗ ಏನು ನೋಡಬೇಕು? ಆಮೇಲೆ ಬದಲಿಸಬೇಕಾದ ಹಾರ್ಡ್‌ವೇರ್ ಯಾವುದು? 10-46 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಅಂಗುಲದ ಸಾವಿರದ ಭಾಗದಲ್ಲಿ) ಸಾಕೋ, 11-49ಕ್ಕೆ ಹೋಗಬೇಕೋ? ಬಿಗ್ಸ್‌ಬಿ (ತೋಳು ಅಲುಗಿಸಿ ಸ್ವರ ಏರಿಳಿಸುವ ಟೇಲ್‌ಪೀಸ್) ಹಾಕುವ ಆಸೆಯೂ ಇದೆ.

ಮರದಮಾತು

ಮೊದಲು ಪಟ್ಟಿಯನ್ನು ಎರಡಾಗಿ ಒಡೆಯಿರಿ. ಕಸೀನೊ ಸೆಮಿ-ಹಾಲೋ ಅಲ್ಲ, ಪೂರ್ತಿ ಟೊಳ್ಳು. ಉಳಿದ ಮೂರರಲ್ಲಿ ದೇಹದ ನಡುವೆ ಉದ್ದಕ್ಕೂ ಮರದ ದಿಮ್ಮಿ ಇದೆ, ಅದನ್ನೇ ಸೆಂಟರ್ ಬ್ಲಾಕ್ ಅನ್ನುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆಂಪ್ ಜೋರು ಮಾಡಿದಾಗ ಮಾತ್ರ ಬೇರೆ ಬೇರೆ ವಾದ್ಯ.

1958ರಲ್ಲಿ ಗಿಬ್ಸನ್ ಇಎಸ್-335 ಬಂದಾಗ ಅದರ ಹೊಸತನ ಇದ್ದದ್ದೇ ಈ ಬ್ಲಾಕ್‌ನಲ್ಲಿ. ಅದಕ್ಕೂ ಮೊದಲಿನ ಆರ್ಚ್‌ಟಾಪ್‌ಗಳ (ಉಬ್ಬಿದ ಮೇಲುಹಲಗೆಯ ಟೊಳ್ಳು ಗಿಟಾರ್) ಮೇಲುಹಲಗೆ ಸ್ಪೀಕರ್‌ನ ಸದ್ದಿಗೆ ತಾನೇ ಅದುರಿ, ಆ ಅದುರು ತಂತಿಗೆ ಹೋಗಿ, ತಂತಿಯಿಂದ ಪಿಕಪ್‌ಗೆ, ಅಲ್ಲಿಂದ ಮತ್ತೆ ಸ್ಪೀಕರ್‌ಗೆ ಸುತ್ತಿ ಗುಂಯ್ ಎಂದು ಕೂಗುತ್ತಿತ್ತು. ತಂತಿ ಹೊರುವ ಬ್ರಿಡ್ಜ್ ಕೂತ ಜಾಗದ ಕೆಳಗೆ ಗಟ್ಟಿ ಮೇಪಲ್ ಇಟ್ಟ ಮೇಲೆ ಹಲಗೆಗೆ ಹಾಗೆ ಕುಣಿಯಲು ಅವಕಾಶ ಇಲ್ಲ. ರೆಕ್ಕೆಗಳು ಟೊಳ್ಳಾಗಿರುವುದರಿಂದ ಗಾಳಿ ತುಂಬಿದ ದನಿಯೂ ಪೂರ್ತಿ ಹೋಗುವುದಿಲ್ಲ. ಮರುವರ್ಷವೇ ಬಂದ ಇಎಸ್-330ರಲ್ಲಿ ಬ್ಲಾಕ್ ಇಲ್ಲ, ಪಿ-90 ಪಿಕಪ್, ನೆಕ್ 16ನೇ ಫ್ರೆಟ್‌ನ ಬಳಿ ದೇಹಕ್ಕೆ ಸೇರುತ್ತದೆ. 1961ರ ಕಸೀನೊ ಇದೇ ಒಡಲು. ಬೀಟಲ್ಸ್‌ನ ಮೂವರೂ ಗಿಟಾರ್ ವಾದಕರು ಕಸೀನೊ ಬಳಸಿದ್ದಾರೆ. ಅಂದರೆ ಅದು ಕಡಿಮೆ ದರ್ಜೆಯದೇನಲ್ಲ. ಆದರೆ ಡ್ರೈವ್ ಪೆಡಲ್ ಹಾಕಿ ಆಂಪ್‌ನ ಎದುರೇ ನಿಂತು ಬ್ಲೂಸ್ ನುಡಿಸುವವರಿಗೆ ಅದನ್ನು ಹತೋಟಿಯಲ್ಲಿಡುವುದು ಕಷ್ಟ, 16ನೇ ಫ್ರೆಟ್‌ನಿಂದಾಚೆ ಬೆರಳು ಹೋಗುವುದೂ ಕಷ್ಟ. ನಿಮ್ಮ ಉಪಯೋಗಕ್ಕೆ ಅದನ್ನು ಪಟ್ಟಿಯಿಂದ ತೆಗೆಯಿರಿ.

ಉಳಿದ ಮೂರು:

ಎಪಿಫೋನ್ ಇಎಸ್-335 (2020ರಲ್ಲಿ ಬಂದ ಸರಣಿ): ಪದರ ಮೇಪಲ್ ದೇಹ, ಮೇಪಲ್ ಬ್ಲಾಕ್, ಮಹಾಗನಿ ನೆಕ್, ಸಿಟಿಎಸ್ ಪಾಟ್ (ವಾಲ್ಯೂಮ್, ಟೋನ್ ನಾಬ್‌ನ ಕೆಳಗಿನ ವಿದ್ಯುತ್ ಭಾಗ), ಗ್ರಾಫ್‌ಟೆಕ್ ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಸೀಳುಪಟ್ಟಿ). ಮೂರರಲ್ಲಿ 335ರ ಮೂಲ ದನಿಗೆ ಹತ್ತಿರದ್ದು ಇದು. ಒಳಗಿನ ವಿದ್ಯುತ್ ಭಾಗಗಳೂ ಮುಟ್ಟದೆ ಬಿಡಬಹುದಾದಷ್ಟು ಚೆನ್ನಾಗಿವೆ.

ಇಬಾನೆಜ್ ಎಎಸ್73: ಲಿಂಡನ್ ದೇಹ, ನ್ಯಾಟೋ ಜಾತಿಯ ಮರದ ನೆಕ್, 628 ಮಿ.ಮೀ. ಸ್ಕೇಲ್ (ನಟ್‌ನಿಂದ ಬ್ರಿಡ್ಜ್ ತನಕದ ತಂತಿಯ ಉದ್ದ), 43 ಮಿ.ಮೀ. ನಟ್. ಬೆಲೆಗೆ ಹೋಲಿಸಿದರೆ ಇದರ ಫ್ರೆಟ್ ಕೆಲಸ ಅಚ್ಚುಕಟ್ಟು. ದನಿ ಸ್ವಲ್ಪ ಮೆದು, ಮಧ್ಯದ ಸ್ವರಗಳು ತುಂಬಿಕೊಂಡಿರುತ್ತವೆ. ಜಾಜ್ ಕಾರ್ಡ್‌ಗೆ ನನ್ನ ಆಯ್ಕೆ ಇದೇ. ಒಂದು ಎಚ್ಚರ: ಇಬಾನೆಜ್‌ನ ಆರ್ಟ್‌ಕೋರ್ ಸರಣಿಯಲ್ಲಿ ಎಎಸ್ ಅಂದರೆ ಬ್ಲಾಕ್ ಇರುವುದು, ಎಎಫ್ ಅಂದರೆ ಪೂರ್ತಿ ಟೊಳ್ಳು. ಅಂಗಡಿಯಲ್ಲಿ ಎರಡನ್ನೂ ಒಂದೇ ಗೋಡೆಗೆ ನೇತುಹಾಕಿರುತ್ತಾರೆ.

ಗ್ರೆಚ್ ಜಿ2622: ಪದರ ಮೇಪಲ್ ದೇಹ, ಆದರೆ ಬ್ಲಾಕ್ ಸ್ಪ್ರೂಸ್‌ನದು. ಹಗುರ ಮರ, ಆದ್ದರಿಂದ ಮೀಟು ಬೇಗ ಅರಳುತ್ತದೆ. ಬ್ರಾಡ್‌ಟ್ರಾನ್ ಪಿಕಪ್‌ನ ಉತ್ಪತ್ತಿ ಜೋರು. ಇದರಲ್ಲಿ ಮಾಸ್ಟರ್ ವಾಲ್ಯೂಮ್ ಇದೆ. ನುಡಿಸುತ್ತಲೇ ಕಿರುಬೆರಳಲ್ಲಿ ದನಿ ಇಳಿಸುವ ಅಭ್ಯಾಸವಿದ್ದವರಿಗೆ ನಾಲ್ಕು ಪಾಟ್‌ಗಳ ಗಿಬ್ಸನ್ ಪದ್ಧತಿಗಿಂತ ಇದು ಸಲೀಸು.

335ರ ದೇಹ 16 ಅಂಗುಲ ಅಗಲ. ಕೂತು ನುಡಿಸಿದಾಗ ಬಲಗೈ ಮೇಲೆತ್ತಿದಂತಾದರೆ ಇಎಸ್-339 ನೋಡಿ. ಬ್ಲಾಕ್ ಅದೇ, ದೇಹ ಚಿಕ್ಕದು.

ಧಾರವಾಡಟೋನ್

ನೋಡ್ರಿ, ಮಂದಿ ಪಿಕಪ್ ಬದಲಿ ಮಾಡೂದಕ್ಕ ಸಾವಿರಾರು ರೂಪಾಯಿ ಹಾಕ್ತಾರ, ನಟ್ ಮಾತ್ರ ಹಂಗ ಬಿಟ್ಟಿರ್ತಾರ. ಎರಡೂ ಕಡೆ ಮೂರ್ಮೂರು ಬಿರಡಿ ಇರೋ ಹೆಡ್‌ಸ್ಟಾಕ್‌ನಾಗ (ನೆಕ್‌ನ ತುದಿ) ಡಿ ಮತ್ತ ಜಿ ತಂತಿ ನಟ್ ದಾಟಿದ ಕೂಡಲೇ ಹೊರಗ ಓರಿ ಆಗ್ತಾವು. ಅಲ್ಲೇ ಸಿಕ್ಕೊಳ್ಳೋದು. ಶ್ರುತಿ ಮಾಡುವಾಗ "ಟಿಂಕ್" ಅಂತ ಸಪ್ಪಳ ಬಂದು ಸ್ವರ ಜಿಗಿದರ ಬಿರಡಿ ತಪ್ಪಲ್ಲ, ನಟ್‌ನ ಗಾಡಿ (ತಂತಿ ಕೂರೋ ಸೀಳು) ತಪ್ಪು.

ಗಾಡಿಯ ಅಗಲ ತಂತಿಗಿಂತ 0.05 ಮಿ.ಮೀ. ಜಾಸ್ತಿ ಇರಬೇಕು. ತಳ ದುಂಡಗ ಇರಬೇಕು, ಫ್ರೆಟ್‌ಬೋರ್ಡ್ ಕಡೆಯ ಅಂಚು ಎತ್ತರ, ಬಿರಡಿ ಕಡೆ ಇಳಿಜಾರು, ಆ ಇಳಿಜಾರು ಬಿರಡಿ ಇರೋ ದಿಕ್ಕಿಗೇ ತಿರುಗಿರಬೇಕು. ಆಳ ನೋಡೂದು ಹೀಂಗ: ತಂತಿಯನ್ನ 3ನೇ ಫ್ರೆಟ್‌ನಾಗ ಒತ್ತಿ ಹಿಡೀರಿ, 1ನೇ ಫ್ರೆಟ್ ಮ್ಯಾಲೆ ಕಣ್ಣಿಗೆ ಬೀಳೋವಷ್ಟು ಸಂದು ಇದ್ರ ಸಾಕು. ಪೂರ್ತಿ ಕೂತಿದ್ರ ಬಯಲು ತಂತಿ ಕರಕರ ಅಂತದ. ಕಾಗದ ಎರಡು ಮಡಚಿ ತೂರಿಸೋವಷ್ಟು ಇದ್ರ ಮೊದಲ ಫ್ರೆಟ್‌ನ ಸ್ವರ ಏರಿ ಹೋಗ್ತದ, ನೀವು ಇಂಟೊನೇಶನ್ (ಫ್ರೆಟ್ ಏರಿದಂಗ ಸ್ವರ ಸರಿ ಇರೋದು) ಎಷ್ಟು ತಿದ್ದಿದ್ರೂ ಎಫ್ ಕಾರ್ಡ್ ಬೇಸೂರ.

10-46ರಿಂದ 11-49ಕ್ಕ ಹೋಗುವಾಗ ದಪ್ಪ ಇ ತಂತಿ 1.17 ಮಿ.ಮೀ.ರಿಂದ 1.24 ಆಗ್ತದ. ಗಾಡಿ ಬಿಗಿ ಇದ್ರ ಅಲ್ಲೇ ಕಚ್ಚತದ. ಪೆನ್ಸಿಲ್ ಸೀಸದ ಪುಡಿ ಹಚ್ಚಿದ್ರ ಎರಡು ದಿನ ಸುಧಾರಿಸ್ತದ, ಅಷ್ಟ. ಅಳತೆಯ ನಟ್ ಅರ ತೊಗೊಂಡು ಉಜ್ಜಬೇಕು.

ಕಬ್ಬಿಣಕೆಲಸ

ಹಾರ್ಡ್‌ವೇರ್ ವಿಷಯ. ಇಲ್ಲಿ ಹೆಚ್ಚಿನವರು ಹಣ ಕಳೆದುಕೊಳ್ಳುವುದು ಅಳತೆ ನೋಡದೆ ಆರ್ಡರ್ ಮಾಡಿ.

ಟೇಲ್‌ಪೀಸ್ (ತಂತಿಗಳ ಹಿಂತುದಿ ಹಿಡಿಯುವ ಪಟ್ಟಿ) ಕೂರುವ ಸ್ಟಡ್, ಅಂದರೆ ದಪ್ಪ ಸ್ಕ್ರೂ, ಅಮೆರಿಕನ್ ಗಿಬ್ಸನ್‌ನಲ್ಲಿ 5/16 ಅಂಗುಲ, ಅಂಗುಲಕ್ಕೆ 24 ತಿರುಪಿನ ಸುತ್ತು. ಚೀನಾ, ಇಂಡೋನೇಷ್ಯಾ, ಕೊರಿಯಾದಲ್ಲಿ ಮಾಡಿದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಎಂ8, 1.25 ಮಿ.ಮೀ. ಪಿಚ್. 5/16 ಅಂದರೆ 7.94 ಮಿ.ಮೀ. ಹೀಗಾಗಿ ಅಮೆರಿಕನ್ ಸ್ಟಡ್ ಮೆಟ್ರಿಕ್ ಬುಶಿಂಗ್‌ಗೆ (ಮರದಲ್ಲಿ ಕೂರಿಸಿದ ಲೋಹದ ಕೊಳವೆ) ಒಂದೆರಡು ಸುತ್ತು ಸಲೀಸಾಗಿ ಇಳಿಯುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿ ಜೋರು ಹಾಕಿದರೆ ಬುಶಿಂಗ್‌ನ ತಿರುಪಿನ ಸುತ್ತು ಹಾಳು, ಇಲ್ಲವೇ ಬುಶಿಂಗ್ ಮರದಿಂದಲೇ ಕಿತ್ತು ಬರುತ್ತದೆ. ಬೆರಳಲ್ಲಿ ನಾಲ್ಕು ಸುತ್ತು ತಿರುಗದಿದ್ದರೆ ನಿಲ್ಲಿಸಿ. ಹಳೆಯ ಸ್ಟಡ್ ಉಳಿಸಿಕೊಂಡು ಟೇಲ್‌ಪೀಸ್ ಮಾತ್ರ ಬದಲಿಸುವುದು ಸುರಕ್ಷಿತ ದಾರಿ.

ಬ್ರಿಡ್ಜ್‌ನಲ್ಲಿ ಎರಡು ಜಾತಿ. ಎಬಿಆರ್-1 ತೆಳು, ಅದರ ಪೋಸ್ಟ್ ಸಣ್ಣ ಸ್ಕ್ರೂ, ನೇರ ಮರಕ್ಕೇ ಇಳಿದಿರುತ್ತದೆ. ನ್ಯಾಶ್‌ವಿಲ್ ಅಗಲ, ಬುಶಿಂಗ್ ಇರುತ್ತದೆ, ಸ್ಯಾಡಲ್ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರುವ ತುಂಡು) ಹಿಂದೆಮುಂದೆ ಸರಿಯುವ ದೂರವೂ ಹೆಚ್ಚು. ಪೋಸ್ಟ್‌ನ ವ್ಯಾಸ ಬೇರೆ ಬೇರೆ ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರಬೇಕಾದರೆ ಪರಿವರ್ತನೆ ಪೋಸ್ಟ್ ಬೇಕು. ಕೆಲವು ಎಬಿಆರ್-1ರಲ್ಲಿ ಸ್ಯಾಡಲ್ ಬೀಳದಂತೆ ಒಂದು ತಂತಿ ಅಡ್ಡಲಾಗಿ ಇರುತ್ತದೆ. ಗಿಟಾರ್‌ನಲ್ಲಿ ಎಲ್ಲಿಂದಲೋ ಬರುವ ಸಣ್ಣ ಝೇಂಕಾರಕ್ಕೆ ಮೊದಲ ಅನುಮಾನ ಅದರ ಮೇಲೆ. ಎಪಿಫೋನ್‌ನ ಲಾಕ್‌ಟೋನ್ ಬ್ರಿಡ್ಜ್ ತಂತಿ ಬಿಚ್ಚಿದರೂ ಕೆಳಗೆ ಬೀಳುವುದಿಲ್ಲ, ಅದನ್ನು ಬದಲಿಸುವ ಅಗತ್ಯ ಕಾಣುವುದಿಲ್ಲ.

ಬಿರಡಿ: ಹಳೆ ಕ್ಲೂಸನ್ ಮಾದರಿಗೆ ಹೆಡ್‌ಸ್ಟಾಕ್ ರಂಧ್ರ ಸುಮಾರು 8.7 ಮಿ.ಮೀ., ಗ್ರೋವರ್ ರೋಟೊಮ್ಯಾಟಿಕ್‌ಗೆ 10 ಮಿ.ಮೀ. ದೊಡ್ಡ ರಂಧ್ರಕ್ಕೆ ಕ್ಲೂಸನ್ ಹಾಕಲು ಹೊಂದಿಕೆ ಬುಶಿಂಗ್ ಸಿಗುತ್ತದೆ. ಚಿಕ್ಕದಕ್ಕೆ ಗ್ರೋವರ್ ಹಾಕಲು ರೀಮರ್ (ರಂಧ್ರವನ್ನು ನಿಧಾನ ಹಿಗ್ಗಿಸುವ ಸಾಧನ) ಬೇಕು. ಸುಮ್ಮನೆ ಡ್ರಿಲ್ ಓಡಿಸಿದರೆ ಲ್ಯಾಕರ್ ಸಿಪ್ಪೆ ಏಳುತ್ತದೆ.

ತಂತಿವಾದಿ

ಟೇಲ್‌ಪೀಸ್ ಬಗ್ಗೆ ಒಂದು ಸೇರಿಸುತ್ತೇನೆ. ಜಿಂಕ್ ಬದಲು ಅಲ್ಯೂಮಿನಿಯಂ ಹಾಕಿದರೆ ವ್ಯತ್ಯಾಸ ಕೇಳುತ್ತದೆ. ಜಿಂಕ್ ಎರಡೂವರೆ ಪಟ್ಟು ಭಾರ. ಹಗುರವಾದದ್ದರಲ್ಲಿ ಮೀಟಿದ ಕ್ಷಣ ಇನ್ನಷ್ಟು ತೆರೆದುಕೊಳ್ಳುತ್ತದೆ.

ಕಬ್ಬಿಣಕೆಲಸ

@ತಂತಿವಾದಿ ಆಂಪ್ ಇಲ್ಲದೆ ನುಡಿಸಿದಾಗ ಕೇಳುತ್ತದೆ, ಒಪ್ಪುತ್ತೇನೆ. ಆಂಪ್‌ನಲ್ಲಿ ಪಿಕಪ್ ಎತ್ತರವನ್ನು ಅರ್ಧ ಸುತ್ತು ತಿರುಗಿಸಿದರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅದಕ್ಕೆ ಖರ್ಚೂ ಇಲ್ಲ. ಅದನ್ನು ಮೊದಲು ಮಾಡಿ, ಆಮೇಲೆ ಅಲ್ಯೂಮಿನಿಯಂ.

ಟೇಲ್‌ಪೀಸ್‌ನ ಎತ್ತರವೂ ಹಾಗೆಯೇ. ದೇಹಕ್ಕೆ ಪೂರ್ತಿ ಬಿಗಿದರೆ ಸಸ್ಟೇನ್ ಹೆಚ್ಚು ಎಂದು ಎಲ್ಲರೂ ಇಳಿಸಿಬಿಡುತ್ತಾರೆ. ಆಗ ತಂತಿ ಬ್ರಿಡ್ಜ್‌ನ ಹಿಂದಿನ ಅಂಚಿಗೆ ತಾಗಿ, ಸ್ಯಾಡಲ್ ಮೇಲಿನ ಒತ್ತಡ ಅಲ್ಲಿಗೆ ಹಂಚಿಹೋಗುತ್ತದೆ. ಕಾಲಕ್ರಮೇಣ ಬ್ರಿಡ್ಜ್ ನಡುವೆ ಕುಸಿದು 12 ಅಂಗುಲದ ಬಾಗು ಕಳೆದುಕೊಳ್ಳುತ್ತದೆ, ಡಿ ಮತ್ತು ಜಿ ತಂತಿ ಫ್ರೆಟ್‌ಗೆ ಬಡಿಯತೊಡಗುತ್ತವೆ. ಆರೂ ತಂತಿ ಹಿಂದಿನ ಅಂಚನ್ನು ಬಿಟ್ಟು ನಿಲ್ಲುವಷ್ಟು ಟೇಲ್‌ಪೀಸ್ ಎತ್ತಿಡಿ.

ತಂತಿವಾದಿ

ಸರಿ, ಈಗ ತಂತಿಗೆ ಬರೋಣ. 24.75 ಅಂಗುಲದ ಸ್ಕೇಲ್‌ನಲ್ಲಿ ಅದೇ ತಂತಿಯ ಬಿಗಿತ 25.5 ಅಂಗುಲದ ಫೆಂಡರ್‌ಗಿಂತ ಸುಮಾರು 6 ಪ್ರತಿಶತ ಕಡಿಮೆ. 10-46 ಸೆಟ್ಟು ಇಲ್ಲಿ ಒಟ್ಟು ಸುಮಾರು 44 ಕಿಲೋ ಎಳೆಯುತ್ತದೆ, 11-49 ಸುಮಾರು 50 ಕಿಲೋ. ಸ್ಟ್ರಾಟ್‌ನಲ್ಲಿ 10 ನುಡಿಸಿ ರೂಢಿಯಾದ ಕೈಗೆ 335ರಲ್ಲಿ 10 ಸಡಿಲ ಅನ್ನಿಸುತ್ತದೆ, 11 ಸ್ವಲ್ಪ ಬಿಗಿ ಅನ್ನಿಸುತ್ತದೆ.

ಬ್ಲೂಸ್‌ಗೆ 10-46ರಿಂದ ಶುರು ಮಾಡಿ. ಡಿ'ಅಡಾರಿಯೊ ಇಎಕ್ಸ್‌ಎಲ್110 ಅಂದರೆ 10, 13, 17, 26, 36, 46. 11ರ ಸೆಟ್ಟು ಇಎಕ್ಸ್‌ಎಲ್115: 11, 14, 18, 28, 38, 49. ಎರಡರಲ್ಲೂ ಜಿ ತಂತಿ ಸುತ್ತಿಲ್ಲದ್ದು, ಅಂದರೆ ಮೇಲೆ ಇನ್ನೊಂದು ಎಳೆ ಸುತ್ತದ ಬರಿ ತಂತಿ.

ಜಾಜ್‌ಗೆ ಫ್ಲ್ಯಾಟ್‌ವೌಂಡ್ (ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿ) ಬೇಕೆಂದರೆ ಡಿ'ಅಡಾರಿಯೊ ಕ್ರೋಮ್ಸ್ ಇಸಿಜಿ24: 11, 15, 22, 30, 40, 50. ಇದರಲ್ಲಿ ಜಿ ತಂತಿ ಸುತ್ತಿರುವ 22, ಅಂದರೆ 0.56 ಮಿ.ಮೀ., 18ರ 0.46ರ ಗಾಡಿಗೆ ಕೂರುವುದಿಲ್ಲ. ಧಾರವಾಡಟೋನ್ ಹೇಳಿದ ನಟ್ ಕೆಲಸ ಇಲ್ಲಿ ತಪ್ಪಿಸಿಕೊಳ್ಳಲಾಗದ್ದು, ಒಮ್ಮೆ ಅಗಲ ಮಾಡಿದ ಗಾಡಿಗೆ ಮತ್ತೆ 17 ಹಾಕಿದರೆ ಒಳಗೆ ಅಲುಗಾಡುತ್ತದೆ. ಹಾಗಾಗಿ ವಾರಕ್ಕೊಮ್ಮೆ ಸೆಟ್ಟು ಬದಲಿಸುವ ಯೋಚನೆ ಬೇಡ, ಒಂದಕ್ಕೆ ನಿಲ್ಲಿ.

ಸ್ಯಾಡಲ್ ಕೂಡ ಸರಿಯಬೇಕು. ಸುತ್ತಿಲ್ಲದ ಜಿಗೆ ಸ್ಯಾಡಲ್ ಹಿಂದೆ, ಸುತ್ತಿದ ಜಿಗೆ ಗಮನಿಸುವಷ್ಟು ಮುಂದೆ. ಎಬಿಆರ್-1ರಲ್ಲಿ ಜಾಗ ಸಾಲದಿದ್ದರೆ ಆ ಒಂದು ಸ್ಯಾಡಲ್ ಬಿಚ್ಚಿ ತಿರುಗಿಸಿ ಹಾಕಿ, ಒಂದೆರಡು ಮಿಲಿಮೀಟರ್ ಸಿಗುತ್ತದೆ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಟೇಲ್‌ಪೀಸ್ ಕಡೆಗೆ, ಇಳಿದಿದ್ದರೆ ನೆಕ್ ಕಡೆಗೆ. ಹೊಸ ತಂತಿ ಹಾಕಿ, ಎಳೆದು ಹಿಗ್ಗಿಸಿದ ಮೇಲೆಯೇ ಇದನ್ನು ಮಾಡಬೇಕು.

ರಾಗದ ಅಭ್ಯಾಸಕ್ಕೆ ಫ್ಲ್ಯಾಟ್‌ವೌಂಡ್ ಬೇಡ. ಜಾರು ಅದರಲ್ಲಿ ತುಂಬ ಚೆಂದ, ಬೆರಳಿನ ಕೀರಲು ಸದ್ದೂ ಇಲ್ಲ. ಆದರೆ ಕಲ್ಯಾಣಿಯ ಗಾಂಧಾರವನ್ನೋ ನಿಷಾದವನ್ನೋ ಅಡ್ಡಕ್ಕೆ ಎಳೆದು ಗಮಕ ಕೊಡುವಾಗ ಸುತ್ತಿದ ಮೂರನೇ ತಂತಿ ಬಗ್ಗುವುದಿಲ್ಲ. ಅದೇ ಕೆಲಸವನ್ನು ಸುತ್ತಿಲ್ಲದ 17 ಸಲೀಸಾಗಿ ಮಾಡುತ್ತದೆ. ಅಡ್ಡ ಎಳೆತ ಹೆಚ್ಚಾದಷ್ಟು ಫ್ರೆಟ್‌ನ ನುಣುಪು ಮುಖ್ಯ. ತಂತಿ ಎಳೆದಾಗ ಗರಗರ ಅನ್ನಿಸಿದರೆ ಫ್ರೆಟ್‌ಬೋರ್ಡ್‌ಗೆ ಟೇಪ್ ಅಂಟಿಸಿ ಫ್ರೆಟ್‌ಗಳನ್ನು 0000 ಸ್ಟೀಲ್ ಉಣ್ಣೆಯಲ್ಲಿ ಉಜ್ಜಿ. ಪಿಕಪ್ ಮೇಲೂ ಟೇಪ್ ಇರಲಿ, ಇಲ್ಲದಿದ್ದರೆ ಕಬ್ಬಿಣದ ಎಳೆಗಳು ಆಯಸ್ಕಾಂತಕ್ಕೆ ಅಂಟಿ ಹೊರಗೆ ಬರುವುದೇ ಇಲ್ಲ.

ಕರಾವಳಿಶ್ರುತಿ

ಮಂಗಳೂರಿನವರಿಗೆ ಬೇರೆಯೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಾದಾ ನಿಕ್ಕಲ್ ತಂತಿ ಬೇಗ ಕಂದುತ್ತದೆ, ಸುತ್ತಿಲ್ಲದ ಮೂರೂ ಮೊದಲು. ಕೋಟೆಡ್ ತಂತಿ ತೆಗೆದುಕೊಳ್ಳಿ, ಎಲಿಕ್ಸಿರ್ ಅಥವಾ ಡಿ'ಅಡಾರಿಯೊ ಎಕ್ಸ್‌ಎಸ್. ಬೆಲೆ ಹೆಚ್ಚಾದರೂ ಒಟ್ಟು ಲೆಕ್ಕದಲ್ಲಿ ಅಗ್ಗ.

ಪದರ ಮರದ ದೇಹ ಬಿರಿಯುವ ಭಯ ಕಡಿಮೆ. ಅಲುಗುವುದು ನೆಕ್. ಕೇಸ್ ಒಳಗೆ ತೇವಾಂಶ 45ರಿಂದ 55 ಪ್ರತಿಶತ ಇರುವಂತೆ ನೋಡಿಕೊಳ್ಳಿ, 49 ಪ್ರತಿಶತದ ಎರಡು-ದಿಕ್ಕಿನ ಪೊಟ್ಟಣ ಸಾಕು. ಮಳೆಗಾಲ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ನೆಕ್ ಪರೀಕ್ಷಿಸಿ: 1ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್), ಕೊನೆಯ ಫ್ರೆಟ್‌ನಲ್ಲಿ ದಪ್ಪ ಇ ತಂತಿ ಒತ್ತಿ, 7 ಅಥವಾ 8ನೇ ಫ್ರೆಟ್ ಮೇಲೆ 0.2ರಿಂದ 0.25 ಮಿ.ಮೀ. ಸಂದು. ಟ್ರಸ್ ರಾಡ್ (ನೆಕ್‌ನ ಬಾಗು ತಿದ್ದುವ ಒಳಗಿನ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ತಿರುಗಿಸಿ ಶ್ರುತಿ ಮಾಡಿ ಮತ್ತೆ ಅಳೆಯಿರಿ. ಗಿಬ್ಸನ್‌ನ ಟ್ರಸ್ ರಾಡ್ ನಟ್‌ಗೆ 5/16 ಅಂಗುಲದ ಸಾಕೆಟ್, ಇಬಾನೆಜ್‌ಗೆ ಸಾಮಾನ್ಯವಾಗಿ 7 ಮಿ.ಮೀ. ಸರಿಹೊಂದದ ಪಾನಾ ಹಾಕಿ ಮೂಲೆ ಸವೆಸಿದರೆ ಆಮೇಲೆ ಅದು ಲೂಥಿಯರ್ (ಗಿಟಾರ್ ಕಟ್ಟುವ, ರಿಪೇರಿ ಮಾಡುವ ಕುಶಲಿ) ಕೆಲಸ.

ಇದಾದ ಮೇಲೆ 12ನೇ ಫ್ರೆಟ್ ಮೇಲಿನ ಎತ್ತರ: ದಪ್ಪ ಇ 2.0 ಮಿ.ಮೀ., ತೆಳು ಇ 1.5. ಕೊನೆಗೆ ಪಿಕಪ್: ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ನೆಕ್ ಪಿಕಪ್‌ಗೆ 2.4, ಬ್ರಿಡ್ಜ್ ಪಿಕಪ್‌ಗೆ 1.6 ಮಿ.ಮೀ. ಅಂತರ. ಈ ಕ್ರಮ ತಿರುಗಮುರುಗ ಮಾಡಿದರೆ ಪ್ರತಿ ಹೆಜ್ಜೆಯೂ ಹಿಂದಿನದನ್ನು ಕೆಡಿಸುತ್ತದೆ.

ಅರೆಟೊಳ್ಳು

ಎಎಸ್73 ಕಡೆ ವಾಲುತ್ತಿದ್ದೇನೆ. ಬಿಗ್ಸ್‌ಬಿ ಮತ್ತು ವೈರಿಂಗ್ ಬಗ್ಗೆ ಯಾರಾದರೂ ಬಿಡಿಸಿ ಹೇಳುತ್ತೀರಾ? ಎಫ್-ಹೋಲ್ ಒಳಗಿಂದ ಪಾಟ್ ಬದಲಿಸುವುದು ನಿಜಕ್ಕೂ ಅಷ್ಟು ಕಷ್ಟವೇ?

ಕಬ್ಬಿಣಕೆಲಸ

ಬಿಗ್ಸ್‌ಬಿ: 335 ಮೈಗೆ ಸಾಮಾನ್ಯವಾಗಿ ಬಿ7. ಅದಕ್ಕೆ ಒತ್ತುಕಂಬಿ ಇದೆ. ತಂತಿ ಅದರ ಕೆಳಗೆ ನುಸುಳಿ ಬ್ರಿಡ್ಜ್‌ಗೆ ಕಡಿದಾದ ಕೋನದಲ್ಲಿ ಏರುತ್ತದೆ. ಒತ್ತಡ ಚೆನ್ನಾಗಿ ಸಿಗುತ್ತದೆ, ಘರ್ಷಣೆಯೂ ಹೆಚ್ಚು, ಹಾಗಾಗಿ ತೋಳು ಅಲುಗಿಸಿದ ಮೇಲೆ ಶ್ರುತಿ ಮರಳುವುದು ಬಿ3ಗಿಂತ ಕಷ್ಟ. ಬಿ3ಗೆ ಒತ್ತುಕಂಬಿ ಇಲ್ಲ, ಮರಳುವುದು ಚೆನ್ನ, ಆದರೆ 10ರ ತಂತಿಗೆ ಬ್ರಿಡ್ಜ್ ಮೇಲೆ ಒತ್ತಡ ಸಾಲದೆ ಸ್ಯಾಡಲ್ ಝೇಂಕರಿಸಬಹುದು. ಬಿ3 ಹಾಕುವವರು 11ಕ್ಕೆ ಹೋಗಲಿ.

ಬಿ5 ಕೊಳ್ಳಬೇಡಿ. ಅದು ಚಪ್ಪಟೆ ಘನದೇಹಕ್ಕೆ.

ಬಿ7 ಕೂರಿಸುವ ಮೊದಲು ಎರಡು ಇ ತಂತಿಗಳ ಜಾಗದಲ್ಲಿ ದಾರ ಕಟ್ಟಿ ನಟ್‌ನಿಂದ ಬಿಗ್ಸ್‌ಬಿ ತನಕ ಎಳೆದು ನೋಡಿ. ದಾರ ಫ್ರೆಟ್‌ಬೋರ್ಡ್‌ನ ಎರಡೂ ಅಂಚಿಗೆ ಸಮ ದೂರದಲ್ಲಿ ಬಂದ ಮೇಲೆಯೇ ಸ್ಕ್ರೂ ರಂಧ್ರ ಗುರುತಿಸಿ. 2 ಮಿ.ಮೀ. ಓರೆಯಾದರೂ ತೆಳು ಇ ತಂತಿ ಅಂಚಿನಿಂದ ಜಾರುತ್ತದೆ. ತಂತಿಯ ಗುಂಡನ್ನು ಪಿನ್‌ಗೆ ಸಿಕ್ಕಿಸುವುದು ಎಲ್ಲರಿಗೂ ತಲೆನೋವು. ಗುಂಡಿನ ಪಕ್ಕದ ತುದಿಯನ್ನು ಮೊದಲೇ 6 ಮಿ.ಮೀ. ಸರಳಿಗೆ ಸುತ್ತಿ ಕೊಕ್ಕೆಯಂತೆ ಬಗ್ಗಿಸಿಕೊಳ್ಳಿ, ಸಿಕ್ಕಿಸಿ, ಕೆಳಗೆ ಸ್ಪಂಜಿನ ತುಂಡು ತುರುಕಿ ಹಿಡಿದಿಟ್ಟು ಬಿರಡಿ ತಿರುಗಿಸಿ.

ಶ್ರುತಿ ಕೆಟ್ಟರೆ ಕಾರಣ ಹುಡುಕುವ ಬಗೆ: ತೋಳು ಕೆಳಗೊತ್ತಿ ಬಿಟ್ಟ ಮೇಲೆ ಸ್ವರ ಏರಿ ನಿಂತರೆ, ಆ ತಂತಿಯನ್ನು ಫ್ರೆಟ್‌ಬೋರ್ಡ್ ಮೇಲೆ ಒಮ್ಮೆ ಅಡ್ಡಕ್ಕೆ ಎಳೆದು ಬಿಡಿ. ಸರಿಹೋದರೆ ಸಿಕ್ಕಿದ್ದು ನಟ್‌ನಲ್ಲಿ. ಹೋಗದಿದ್ದರೆ ಬ್ರಿಡ್ಜ್ ನೋಡಿ, ಪೋಸ್ಟ್ ನೆಕ್ ಕಡೆಗೆ ವಾಲಿದೆಯೇ ಎಂದು. ರೋಲರ್ ಬ್ರಿಡ್ಜ್ ಕೊನೆಯ ಉಪಾಯ. ಅಗ್ಗದ ರೋಲರ್‌ಗಳು ತಾವೇ ಗಲಗಲ ಅನ್ನುತ್ತವೆ.

ಸೋಲ್ಡರ್‌ಹೊಗೆ

ವೈರಿಂಗ್ ಕಷ್ಟವಲ್ಲ, ಕ್ರಮ ತಪ್ಪಿದರೆ ಮಾತ್ರ ಇಡೀ ದಿನ ಹೋಗುತ್ತದೆ.

ಮೊದಲು ಎಫ್-ಹೋಲ್‌ನ ಅತಿ ಅಗಲದ ಜಾಗವನ್ನು ಅಳೆಯಿರಿ. ದೊಡ್ಡ ಪಾಟ್‌ನ ವ್ಯಾಸ ಸುಮಾರು 24 ಮಿ.ಮೀ. ಅದು ತೂರದಿದ್ದರೆ ಬ್ರಿಡ್ಜ್ ಪಿಕಪ್ ಬಿಚ್ಚಿ, ಆ ಗುಂಡಿಯಿಂದ ರೆಕ್ಕೆಯೊಳಕ್ಕೆ ದಾರಿ ಕೊರೆದಿದೆಯೇ ನೋಡಿ. ಎರಡೂ ಇಲ್ಲದಿದ್ದರೆ 16 ಮಿ.ಮೀ. ಪಾಟ್ ಹಾಕಿ, ದನಿಯಲ್ಲಿ ಕೊರತೆ ಇಲ್ಲ. ಹೊರಗಿನ ರಂಧ್ರವೂ ನೋಡಬೇಕು: ಅಮೆರಿಕನ್ ಪಾಟ್‌ನ ತಿರುಪಿನ ಭಾಗಕ್ಕೆ 9.5 ಮಿ.ಮೀ. ಬೇಕು, ಏಷ್ಯಾದ ಗಿಟಾರ್‌ಗಳಲ್ಲಿ ಅನೇಕ ಸಲ ಅದಕ್ಕಿಂತ ಚಿಕ್ಕದಿರುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸಿ ಕೈ ರೀಮರ್‌ನಲ್ಲಿ ಹಿಗ್ಗಿಸಿ. ನಾಬ್ ಕೂಡ ಬೇರೆ: ಅಮೆರಿಕನ್ ದಂಡದಲ್ಲಿ 24 ಹಲ್ಲು, ಏಷ್ಯಾದ್ದರಲ್ಲಿ 18. ಹಳೆ ನಾಬ್ ಒತ್ತಿ ಕೂರಿಸಲು ಹೋದರೆ ಸೀಳುತ್ತದೆ.

ಬೇಕಾದ್ದು: 500 ಕಿಲೋ ಓಮ್‌ನ ಆಡಿಯೊ ಟೇಪರ್ ಪಾಟ್ 4, 0.022 ಮೈಕ್ರೊಫ್ಯಾರಡ್ ಕೆಪಾಸಿಟರ್ 2, ಮೂರು ದಾರಿಯ ಟಾಗಲ್, ಜಾಕ್, ಶೀಲ್ಡ್ ವೈರ್ ಎರಡು ಮೀಟರ್, 60/40 ಸೋಲ್ಡರ್, 40 ವ್ಯಾಟ್ ಐರನ್, ಮೀನಿನ ಗಾಳದ ನೈಲಾನ್ ದಾರ, ಒಳವ್ಯಾಸ 6 ಮಿ.ಮೀ. ಇರುವ ಅಕ್ವೇರಿಯಂ ಪ್ಲಾಸ್ಟಿಕ್ ಕೊಳವೆ. ಪಾಟ್ ಬೆನ್ನಿಗೆ 25 ವ್ಯಾಟ್ ಐರನ್ ಸಾಲದು. ಬಿಸಿಯಾಗಲು ಕಾಯುತ್ತ ಕೂತರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ.

ನಾಲ್ಕು ಪಾಟ್‌ಗಳ ಜಾಗವನ್ನು ರಟ್ಟಿನ ಮೇಲೆ ಅಚ್ಚು ತೆಗೆದು ತೂತು ಮಾಡಿ, ಅದರಲ್ಲಿ ಪಾಟ್ ಕೂರಿಸಿ, ಎಲ್ಲ ಬೆಸುಗೆಯನ್ನೂ ಹೊರಗೇ ಮುಗಿಸಿ. ವಾಲ್ಯೂಮ್ ಇಳಿಸಿದಾಗ ದನಿ ಮಬ್ಬಾಗಬಾರದು ಅಂದರೆ ಟೋನ್ ಕೆಪಾಸಿಟರ್ ವಾಲ್ಯೂಮ್ ಪಾಟ್‌ನ ನಡುಕಾಲಿಗೆ ಸೇರಲಿ. ಬರಿಯ ಶೀಲ್ಡ್‌ಗೆಲ್ಲ ಕುಗ್ಗುಕೊಳವೆ ತೊಡಿಸಿ, ಇಲ್ಲವಾದರೆ ಒಳಗೆ ಒಂದಕ್ಕೊಂದು ತಾಗಿ ದನಿ ಸಾಯುತ್ತದೆ, ತಾಗದಿದ್ದರೂ ಹಲಗೆಗೆ ಬಡಿದು ಸದ್ದು ಮಾಡುತ್ತದೆ.

ಹಳೆಯ ಭಾಗ ಒಳಗೆ ತಳ್ಳುವ ಮುನ್ನ ಪ್ರತಿಯೊಂದಕ್ಕೂ ನೈಲಾನ್ ದಾರ ಕಟ್ಟಿ. ಅದು ಎಫ್-ಹೋಲ್‌ನಿಂದ ಹೊರಬಂದಾಗ ದಾರ ರಂಧ್ರದಲ್ಲೇ ಉಳಿಯುತ್ತದೆ. ಹೊಸ ಪಾಟ್‌ನ ದಂಡಕ್ಕೆ ಪ್ಲಾಸ್ಟಿಕ್ ಕೊಳವೆ ಒತ್ತಿ, ಕೊಳವೆಗೆ ಆ ದಾರ ಕಟ್ಟಿ ಎಳೆದುಕೊಳ್ಳಿ. ಜಾಕ್‌ಗೆ ದಾರವನ್ನು ಮೂತಿಯಿಂದ ತೂರಿಸಿ ಹಿಂದೆ ದೊಡ್ಡ ಗಂಟು ಹಾಕಿ. ಎಫ್-ಹೋಲ್‌ಗೆ ದೂರದ ಭಾಗ ಮೊದಲು, ಹತ್ತಿರದ್ದು ಕೊನೆಗೆ. ಎಲ್ಲ ಹೊರಬಂದು ನಿಂತ ಮೇಲೆಯೇ ಪಾಟ್‌ನ ನಟ್ ಬಿಗಿ ಮಾಡಿ. ಬಿಗಿಯುವಾಗ ದಂಡ ಹಿಡಿದುಕೊಳ್ಳಿ, ಪಾಟ್ ಒಳಗೆ ತಿರುಗಿದರೆ ವೈರ್ ಹರಿಯುತ್ತದೆ.

ತಂತಿ ಹಾಕುವ ಮೊದಲು ಮಲ್ಟಿಮೀಟರ್. ಕೇಬಲ್ ಚುಚ್ಚಿ ಅದರ ಇನ್ನೊಂದು ಪ್ಲಗ್‌ನ ತುದಿ ಮತ್ತು ತೋಳಿನ (ಹೊರಗಿನ ಲೋಹದ ಭಾಗ) ನಡುವೆ ಅಳೆಯಿರಿ, ವಾಲ್ಯೂಮ್ ಪೂರ್ತಿ ತೆರೆದು. ಹಂಬಕರ್ (ಎರಡು ಸುರುಳಿಯ ಪಿಕಪ್) ಆದರೆ ಸಾಮಾನ್ಯವಾಗಿ 7ರಿಂದ 9 ಕಿಲೋ ಓಮ್. ಶೂನ್ಯ ಬಂದರೆ ಎಲ್ಲೋ ಶಾರ್ಟ್, 500 ಕಿಲೋ ಹತ್ತಿರ ಬಂದರೆ ಪಿಕಪ್ ಸೇರಿಲ್ಲ. ಆಮೇಲೆ ಟೇಲ್‌ಪೀಸ್‌ಗೂ ಕೇಬಲ್ ತೋಳಿಗೂ ನಡುವೆ: ಸುಮಾರು ಶೂನ್ಯ ಇರಬೇಕು. ಇಲ್ಲದಿದ್ದರೆ ಬುಶಿಂಗ್ ಒಳಗಿನ ಗ್ರೌಂಡ್ ವೈರ್ ಬಿಟ್ಟುಹೋಗಿದೆ, ಗುಂಯ್‌ಗುಡುವಿಕೆ ನಿಲ್ಲುವುದಿಲ್ಲ.

ಧಾರವಾಡಟೋನ್

ಅಲ್ರಿ, ಎಎಸ್73 ತೊಗೊಂಡ ಕೂಡಲೇ ಇದೆಲ್ಲಾ ಬಿಚ್ಚಬ್ಯಾಡ್ರಿ. ಪಾಟ್ ಕರಕರ ಅಂದ್ರ ಮೊದಲ ಕ್ಲೀನರ್ ಹೊಡೀರಿ.

ಝೇಂಕಾರ ಇದ್ರ ಒಬ್ಬರು ಆ ಸ್ವರ ನುಡಿಸ್ಕೋತ ಇರಲಿ, ಇನ್ನೊಬ್ಬರು ಬೆರಳಿನಿಂದ ಒಂದೊಂದ ಭಾಗ ಒತ್ಕೋತ ಹೋಗ್ಲಿ: ಬಿರಡಿಯ ಬುಶಿಂಗ್, ಟ್ರಸ್ ರಾಡ್ ಮುಚ್ಚಳ, ಪಿಕ್‌ಗಾರ್ಡ್ ಬ್ರಾಕೆಟ್, ಪಾಟ್ ನಟ್, ಪಿಕಪ್ ಸ್ಪ್ರಿಂಗ್. ಯಾವುದನ್ನ ಒತ್ತಿದಾಗ ನಿಲ್ತದೋ ಅದ.

ತಂತಿವಾದಿ

@ಅರೆಟೊಳ್ಳು ಒಂದು ಉಳಿದಿತ್ತು. 10-46 ಹಾಕಿದ ಮೇಲೆ ಜಿ ತಂತಿ ಉಳಿದವಕ್ಕಿಂತ ಜೋರಾಗಿ ಕೇಳಿದರೆ ಪಿಕಪ್ ಇಡೀ ಇಳಿಸಬೇಡಿ. ಪಿಕಪ್‌ನಲ್ಲಿ ಜಿ ಕೆಳಗಿನ ಪೋಲ್ ಸ್ಕ್ರೂ ಒಂದನ್ನೇ ಕಾಲು ಸುತ್ತಿನಂತೆ ಇಳಿಸಿ, ಬಿ ತಂತಿಯದು ಅಷ್ಟೇ ಏರಿಸಿ. ಮುಂದೆ ಸುತ್ತಿದ 22ಕ್ಕೆ ಹೋದರೆ ಇದನ್ನು ತಿರುಗಿಸಿ ಮಾಡಬೇಕು: ಸುತ್ತಿದ ಜಿ ಮೆಲುದನಿ, ಅದರ ಸ್ಕ್ರೂ ಮೇಲೆ ಬರಬೇಕು.